ಎಲುಬು ಬಿಟ್ಟು ಉಳಿದದ್ದು

ಬನಹಟ್ಟಿಯ ಹೈಸ್ಕೂಲಿಗೆ ಮಗನನ್ನು ಸೇರಿಸಲು ಬರುವ ಅಪ್ಪಂದಿರು ಆಗಿನ ಕಾಲದಲ್ಲಿ ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದು ಕೈಯಲ್ಲಿ ಹುಣಸೆಯ ಛಡಿ ಹಿಡಿದುಕೊಂಡು ಬರುತ್ತಿದ್ದರು. ಕಾಯಿ ಹೆಡ್‌ಮಾಸ್ತರರಿಗೆ, ಛಡಿ ಜಕ್ಕಪ್ಪ ಮಾಸ್ತರನಿಗೆ. ಸುಮ್ಮನೆ ಮುರಿದು ತಂದ ಟೊಂಗೆಯಲ್ಲ ಅದು. ಎಲೆ ಸವರಿ, ಗಂಟು ಕೆತ್ತಿ, ಎಣ್ಣೆ ಹಚ್ಚಿ ಎರಡು ದಿನ ನೆರಳಿಗೆ ಇಟ್ಟದ್ದು. ಮಗನಿಗೆ ಹೊಸ ಅಂಗಿ ಹೊಲಿಸಲು ಹಿಂದೆಮುಂದೆ ನೋಡುವ ಗೃಹಸ್ಥರು ಕೂಡ ಛಡಿಯ ವಿಷಯದಲ್ಲಿ ಜಿಪುಣತನ ಮಾಡುತ್ತಿರಲಿಲ್ಲ. ಅದನ್ನು ಮಾಸ್ತರನ ಕೈಗೆ ಕೊಟ್ಟು, ಮಗನ ಕುತ್ತಿಗೆ ಬಗ್ಗಿಸಿ ಅವನ ಕಾಲಿಗೆ ಬೀಳಿಸಿ, ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು.

"ಎಲುಬು ಮುರೀಬ್ಯಾಡ್ರಿ ಮಾಸ್ತರ. ಉಳಿದದ್ದೆಲ್ಲಾ ನಿಮಗ ಬಿಟ್ಟದ್ದು."

ಜಕ್ಕಪ್ಪ ಛಡಿಯನ್ನು ಗಾಳಿಯಲ್ಲಿ ಒಮ್ಮೆ ಬೀಸಿ ನೋಡಿ, "ಛಲೋ ಐತಿ," ಎನ್ನುತ್ತಿದ್ದ. ಆ ಸಪ್ಪಳಕ್ಕೆ ಹೊಸ ಹುಡುಗರು ಅಪ್ಪನ ಧೋತರದ ಹಿಂದೆ ಸರಿಯುತ್ತಿದ್ದರು. ಅಪ್ಪಂದಿರು ಮಾತ್ರ ದೊಡ್ಡ ಭಾರ ಇಳಿಸಿದವರ ಹಾಗೆ ಹೆಗಲ ಮೇಲಿನ ಟವೆಲ್ಲು ಕೊಡವಿ ಮಗ್ಗಕ್ಕೆ ಹೊರಟುಬಿಡುತ್ತಿದ್ದರು. ಎಂಥ ಅಪ್ಪಂದಿರೋ ಏನೋ!

ಜಕ್ಕಪ್ಪ ಹುನ್ನೂರಿನ ಕುರುಬರ ಮನೆಯವನು. ಸಣ್ಣವನಿದ್ದಾಗ ಒಂದು ಮರಿಯನ್ನು ತೋಳ ಒಯ್ದಿತೆಂದು ಅವನಪ್ಪ ಕುರಿ ಕಾಯುವ ಕೋಲಿನಿಂದ ಹೊಡೆದು ಎಡಗೈ ಮಣಿಕಟ್ಟಿನ ಎಲುಬು ಮುರಿದಿದ್ದ. ಅದು ಸೊಟ್ಟಗೆ ಕೂಡಿಕೊಂಡಿತ್ತು. ಅಷ್ಟಾದರೂ ಹುಡುಗ ಜಮಖಂಡಿಯಲ್ಲಿ ವಾರಾನ್ನ ಉಂಡು ಓದಿದ, ಸಂಸ್ಥಾನದ ಕಾಲದಲ್ಲೇ ಡ್ರಿಲ್ ಮಾಸ್ತರನಾದ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಮೇಲೆ ಬನಹಟ್ಟಿಗೆ ಬಂದ. ಅಂಗಳದಲ್ಲಿ ಮಲ್ಲಕಂಬ ನೆಡಿಸಿದ. ಹುಡುಗರಿಗೆ ದಂಡ, ಬೈಠಕ್ ಕಲಿಸಿದ. ಸೊಟ್ಟ ಮಣಿಕಟ್ಟು ತೋರಿಸಿ ಅವರಿಗೆ ಹೇಳುತ್ತಿದ್ದ, "ನಮ್ಮಪ್ಪಗ ಹೊಡಿಯೂದು ಗೊತ್ತಿತ್ತು, ಎಲ್ಲಿ ಹೊಡೀಬೇಕು ಅನ್ನೂದು ಗೊತ್ತಿರಲಿಲ್ಲ."

ಅವನಿಗೆ ಶರೀರಶಾಸ್ತ್ರದ ಪಾಠ ಬಂದದ್ದು ಬೇರೆ ಯಾರೂ ಮುಟ್ಟಲಿಲ್ಲವೆಂದು. ಎಸ್ಸೆಸ್ಸಿ ಪರೀಕ್ಷೆಗೆ ಶರೀರಶಾಸ್ತ್ರ ಮತ್ತು ಆರೋಗ್ಯ ಎಂಬ ವಿಷಯ ತೆಗೆದುಕೊಳ್ಳಬಹುದು ಎಂದಾಗ ಹೆಡ್‌ಮಾಸ್ತರ ಅನಂತರಾಯರು ಮುಂಬೈಯಿಂದ ಬಣ್ಣದ ನಕಾಶೆ ತರಿಸಿದರು. ಚರ್ಮ ಸುಲಿದು ನಿಲ್ಲಿಸಿದ ಮನುಷ್ಯ! ಸಂಸ್ಕೃತದ ಮಾಸ್ತರರು ಅದನ್ನು ನೋಡಿ ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದರು. ಗಣಿತದವರು ತಮಗೆ ತಲೆ ತಿರುಗುತ್ತದೆ ಎಂದರು. ಜಕ್ಕಪ್ಪ ನಕಾಶೆಯ ಮುಂದೆ ನಿಂತು ಬಹಳ ಹೊತ್ತು ನೋಡಿದ. ಆಮೇಲೆ, "ಒಳಗಿಂದೆಲ್ಲಾ ಕುರಿದು ಇದ್ದಂಗ ಐತ್ರಿ. ನಾ ಕಲಸ್ತೀನಿ," ಎಂದ.

ಕಲಿಸಿದ ನೋಡಿ, ಹಾಗೆ ಯಾರೂ ಕಲಿಸಿರಲಿಕ್ಕಿಲ್ಲ. ಶನಿವಾರ ಕಟುಕರ ಓಣಿಯಿಂದ ಪರಾತಿನ ಅಗಲ ತಟ್ಟೆಯಲ್ಲಿ ಕುರಿಯ ಗುಂಡಿಗೆ, ಪುಪ್ಪುಸ, ಪಿತ್ತಕೋಶ ತಂದು, ಲಿಂಗವಂತರ ಹುಡುಗರು ಮೂಗು ಮುಚ್ಚಿಕೊಂಡರೆ ಮೂಗಿನ ಮೇಲೇ ಒಂದು ಚಿಮ್ಮಿ, ಎಲ್ಲರನ್ನೂ ಹತ್ತಿರ ಕರೆಯುತ್ತಿದ್ದ. ಗುಂಡಿಗೆಯನ್ನು ಚಾಕುವಿನಿಂದ ಸೀಳಿ ನಾಲ್ಕು ಕೋಣೆ ತೋರಿಸುತ್ತಿದ್ದ. ಗಂಟಲಿನ ಕೊಳವೆಗೆ ಬಿದಿರಿನ ನಳಿಕೆ ಸಿಕ್ಕಿಸಿ ಊದಿದರೆ ಪುಪ್ಪುಸ ಉಬ್ಬಿ ಪರಾತು ತುಂಬಿಕೊಳ್ಳುತ್ತಿತ್ತು. ಹುಡುಗರು ಹೋ ಎಂದು ಕೂಗುತ್ತಿದ್ದರು. ಸತ್ತದ್ದು ಉಸಿರಾಡಿತಲ್ಲ ಎಂದು!

ಎಲುಬುಗಳನ್ನು ಕಲಿಸುವ ರೀತಿ ಬೇರೆಯೇ ಇತ್ತು. ಒಬ್ಬ ಹುಡುಗನ ಅಂಗಿ ತೆಗೆಸಿ ನಿಲ್ಲಿಸಿ ಸುಣ್ಣದಿಂದ ಅವನ ಮೈಮೇಲೆ ಎಲುಬು ಬರೆಯುವುದು. ಮಿಕ್ಕವರು ತಮ್ಮ ತಮ್ಮ ಮೈಮೇಲೆ ಮುಟ್ಟಿ ಹೆಸರು ಹೇಳುವುದು. ತಪ್ಪು ಹೇಳಿದರೆ ಆ ಎಲುಬಿನ ಪಕ್ಕದ ಮಾಂಸಕ್ಕೆ ಛಡಿ. ಮೊಣಕಾಲ ಚಿಪ್ಪು ತಪ್ಪಿದರೆ ತೊಡೆಗೆ, ತೋಳಿನ ಎಲುಬು ತಪ್ಪಿದರೆ ತೋಳಿನ ಹಿಂದಿನ ಕಂಡಕ್ಕೆ. ಆ ಕಾಲದಲ್ಲಿ ಅಲ್ಲಿ ಓದಿದ ಮುದುಕರನ್ನು ಈಗ ಎಬ್ಬಿಸಿ ಕೇಳಿದರೂ ಇನ್ನೂರಾ ಆರು ಎಲುಬು ಪಟಪಟನೆ ಹೇಳುತ್ತಾರೆ, ಹೇಳುತ್ತಾ ತೊಡೆ ಸವರಿಕೊಳ್ಳುತ್ತಾರೆ. ಕಪಾಳಕ್ಕೆ ಅವನು ಹೊಡೆಯುತ್ತಿರಲಿಲ್ಲ, ಕಿವಿಯ ಪರದೆ ಹರಿಯುತ್ತದೆ. ಬೆರಳ ಗಿಣ್ಣಿಗೆ ಹೊಡೆಯುತ್ತಿರಲಿಲ್ಲ, ನೇಕಾರರ ಮಕ್ಕಳು, ಲಾಳಿ ಹಿಡಿಯಬೇಕು. ಸಿಟ್ಟು ಬಹಳ ಬಂದರೆ ಹೊಟ್ಟೆಗೆ ಗುದ್ದುತ್ತಿದ್ದ. ಹೊಟ್ಟೆಯಲ್ಲಿ ಎಲುಬು ಎಲ್ಲಿದೆ?

"ಇಷ್ಟು ವರ್ಷ ಹೊಡದೇನಿ, ನನ್ನ ಕೈಯಾಗ ಒಂದ ಎಲುಬು ಮುರದಿಲ್ಲ," ಎಂದು ಎದೆ ತಟ್ಟಿ ಹೇಳುತ್ತಿದ್ದ. ಊರೂ ಅದನ್ನೇ ಹೇಳುತ್ತಿತ್ತು. ಬೇರೆ ಶಾಲೆಗಳಲ್ಲಿ ಕೈ ಮುರಿದವರು, ಕಿವಿ ಕಳೆದುಕೊಂಡವರು ಇದ್ದರಲ್ಲ. ಜಕ್ಕಪ್ಪ ಮಾಸ್ತರ ಶಾಸ್ತ್ರ ತಿಳಿದು ಹೊಡೆಯುವವನು ಎಂದು ಅವನಿಗೆ ದೊಡ್ಡ ಹೆಸರು.

ಈ ಜಕ್ಕಪ್ಪನಿಗೆ ಕಾಮಣ್ಣ ಎಂಬ ಹುಡುಗನ ಮೇಲೆ ಜೀವ. ಕಾಮಣ್ಣ ನೇಕಾರ ಶಿದ್ರಾಮಪ್ಪನ ಹಿರಿಯ ಮಗ. ಪುಪ್ಪುಸ ಊದಲು ಮೊದಲು ಮುಂದೆ ಬಂದವನು ಅವನೇ. ಕೆನ್ನೆ ಉಬ್ಬಿಸಿ ಊದಿ, ಮುಖ ಕೆಂಪಗೆ ಮಾಡಿಕೊಂಡು, "ಕುರಿದು ಇಷ್ಟ ದೊಡ್ಡದ ಆದ್ರ ನಂದು ಎಷ್ಟ ಐತ್ರಿ ಸರ?" ಎಂದು ಕೇಳಿದ್ದ. ಜಕ್ಕಪ್ಪ ನಕ್ಕು, ಅವನ ಎದೆಯ ಮೇಲೆ ಎರಡೂ ಅಂಗೈ ಇಟ್ಟು, ಉಸಿರು ಎಳೆಸಿ ತೋರಿಸಿದ್ದ. ಹುಡುಗನ ಬಾಯಿ ಮಾತ್ರ ಹರಕು. ಮಾಸ್ತರನ ನಡಿಗೆ, ಕೆಮ್ಮು, ಛಡಿ ಬೀಸುವ ಗತ್ತು ಎಲ್ಲವನ್ನೂ ಅವನು ಮಾಡಿ ತೋರಿಸಿದರೆ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅದಕ್ಕೆ ಪೆಟ್ಟೂ ಬೀಳುತ್ತಿದ್ದವು. ಶಿದ್ರಾಮಪ್ಪನಿಗೆ ಅವೂ ಸಾಲದು. ಸಂತೆಯಲ್ಲಿ ಜಕ್ಕಪ್ಪ ಸಿಕ್ಕಾಗ, "ಮಾಸ್ತರ, ನಮ್ಮ ಹುಡುಗಗ ಪೆಟ್ಟು ಕಡಿಮಿ ಬೀಳಾಕತ್ತಾವ್ರೀ. ಮನ್ಯಾಗ ಅವ್ವನ ಮಾತು ಕೇಳವಲ್ಲ," ಎಂದು ದೂರುತ್ತಿದ್ದ.

ಆ ವರ್ಷ ದೀಪಾವಳಿಯ ಸೂಟಿಗೆ ಕಾಮಣ್ಣ ಬೀಳಗಿಯ ಕಡೆ ಹೊಳೆದಂಡೆಯ ಊರಿಗೆ, ಅಜ್ಜಿಯ ಮನೆಗೆ ಹೋದವನು ಸೂಟಿ ಮುಗಿದರೂ ಬರಲಿಲ್ಲ. ಅಲ್ಲಿ ಚಳಿಜ್ವರ ಹಿಡಿದು ಮಲಗಿದ್ದ. ಒಂದು ದಿನ ಬಿಟ್ಟು ಒಂದು ದಿನ ಹಲ್ಲು ಕಟಕಟ ಕಡಿಯುವ ಜ್ವರ. ಇಲ್ಲಿ ಬನಹಟ್ಟಿಯಲ್ಲಿ ಹಬ್ಬಿದ್ದು ಬೇರೆ ಸುದ್ದಿ. ಅವನು ಮುಧೋಳದಲ್ಲಿ ಕುಸ್ತಿ ನೋಡುತ್ತ, ಟೆಂಟ್ ಸಿನೇಮಾ ನೋಡುತ್ತ ತಿರುಗುತ್ತಿದ್ದಾನಂತೆ, ಯಾರೋ ಕಂಡರಂತೆ. ಯಾರು ಕಂಡರು, ಎಂದು ಕಂಡರು, ಯಾರೂ ಕೇಳಲಿಲ್ಲ, ಶಿದ್ರಾಮಪ್ಪನ ಮನೆಗೆ ಹೋಗಿಯೂ ಯಾರೂ ವಿಚಾರಿಸಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ಜಕ್ಕಪ್ಪನಿಗೆ ತನ್ನ ಹುಡುಗನೇ ತನಗೆ ಕೈಕೊಟ್ಟನೆಂದು ಒಳಗೊಳಗೇ ಕುದಿ.

ಸಂಕ್ರಾಂತಿ ಕಳೆದ ಮೇಲೆ ಕಾಮಣ್ಣ ಶಾಲೆಗೆ ಬಂದ. ಮುಖ ಹಳದಿ, ಕಣ್ಣು ಒಳಗೆ ಹೋಗಿದ್ದವು, ಅಂಗಿ ಹೆಗಲ ಮೇಲೆ ಜೋತಾಡುತ್ತಿತ್ತು, ಹೊಟ್ಟೆಯೊಂದು ಮಾತ್ರ ಮುಂದೆ ಬಂದಿತ್ತು. ಯಾವ ಕುರುಡನಾದರೂ ಗುರುತಿಸಬಹುದಿತ್ತು. ಕುರಿ ಮಂಕಾಗಿ ನಿಂತರೆ ದೂರದಿಂದಲೇ ಹೇಳುವ ಜಕ್ಕಪ್ಪ ಆ ದಿನ ಹುಡುಗನ ಮುಖ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ, ಸಿಟ್ಟು.

ಊಟದ ಬಿಡುವು ಮುಗಿದಿತ್ತು. ನಕಾಶೆ ತೂಗುಹಾಕಿ ಅವನು ಬರೆಯಿಸುತ್ತಿದ್ದ. "ಗುಲ್ಮವು ಹೊಟ್ಟೆಯ ಎಡಗಡೆಗೆ, ಪಕ್ಕೆಲುಬುಗಳ ಕೆಳಗೆ ಇರುತ್ತದೆ. ಚಳಿಜ್ವರದಲ್ಲಿ ಅದು ಊದಿಕೊಳ್ಳುತ್ತದೆ. ಊದಿದ ಗುಲ್ಮವು ಸಣ್ಣ ಪೆಟ್ಟಿಗೂ ಒಡೆಯಬಹುದು." ಬರೆದಾಯಿತೇ ಎಂದು ಕೇಳಿ, ಎಲ್ಲರ ತಲೆ ಎಣಿಸುವವನ ಹಾಗೆ ನೋಡಿದ. ಹಿಂದಿನ ಸಾಲಿನಲ್ಲಿ ಕಾಮಣ್ಣ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ.

"ಕಾಮ್ಯಾ! ಏಳಲೇ. ಗುಲ್ಮ ಎಲ್ಲಿರತೈತಿ?"

ಹುಡುಗ ಬೆಚ್ಚಿ ಎದ್ದ. ಹಳೆಯ ಚಾಳಿ ಎಲ್ಲಿ ಹೋದೀತು? "ಕುರಿದೋ, ಮನಷ್ಯಾಂದೋ, ಸರ?" ಎಂದ. ವರ್ಗ ನಕ್ಕಿತು.

"ಮುಧೋಳದಾಗ ಕುಸ್ತಿ ನೋಡಿ ಬಂದೀ ಅಲಾ, ಅಲ್ಲಿ ಯಾರೂ ತೋರಿಸಲಿಲ್ಲೇನ್ಲೇ?"

"ನಾ ಮುಧೋಳಕ್ಕ ಹೋಗಿಲ್ರೀ ಸರ. ಜ್ವರ ಬಂದಿತ್ತು."

"ಸುಳ್ಳ ಬೊಗಳತಿ!"

ಜಕ್ಕಪ್ಪ ಬೆಂಚು ದಾಟಿ ಹೋದ. ಮೊದಲು ಛಡಿ ಕಾಲಿನ ಮೀನಖಂಡಕ್ಕೆ ಬಿತ್ತು, ತೊಡೆಗೆ ಬಿತ್ತು, ಬೆನ್ನಿಗೆ ಬಿತ್ತು. ಚರ್ಮ ಸುಲಿದು ರಕ್ತ ಚಡ್ಡಿಯ ಅಂಚಿಗೆ ಇಳಿಯಿತು. ಹುಡುಗ ಅಳಲಿಲ್ಲ. "ಖರೇನ ಜ್ವರ ಬಂದಿತ್ರೀ," ಎಂದು ಅದನ್ನೇ ಹೇಳಿದ. ಆ ಹಟಕ್ಕೆ ಜಕ್ಕಪ್ಪನ ತಲೆ ಕೆಟ್ಟಿತು. ಛಡಿ ಎಸೆದ. ಹುಡುಗನ ಅಂಗಿ ಎದೆಯವರೆಗೆ ಎತ್ತಿ ಹಿಡಿದು, "ಇಲ್ಲಿರತೈತಿ ಗುಲ್ಮ! ಇಲ್ಲಿ!" ಎಂದು ಎಡ ಪಕ್ಕೆಲುಬಿನ ಕೆಳಗೆ ಮುಷ್ಟಿ ಕಟ್ಟಿ ಗುದ್ದಿದ. ಮತ್ತೊಂದು ಸಲ ಗುದ್ದಿದ.

ಎರಡನೆಯ ಗುದ್ದಿಗೆ ಅವನ ಕೈಗೆ ತಿಳಿಯಿತು. ಮೆತ್ತಗಿರಬೇಕಾದ ಜಾಗದಲ್ಲಿ ಗಟ್ಟಿಯಾದದ್ದು ಏನೋ ಇತ್ತು, ಅಂಗೈ ಅಗಲದ್ದು, ಮತ್ತು ಅದು ಕೈಯ ಕೆಳಗೆ ಜಗ್ಗಿತು. ಕುರಿಗಳ ಹೊಟ್ಟೆ ಒತ್ತಿ ರೋಗ ಹೇಳಿದ ಕೈ ಅದು. ತಾನು ಈಗಷ್ಟೇ ಬರೆಯಿಸಿದ ಮಾತು ಅವನ ಕಿವಿಯಲ್ಲೇ ಇತ್ತು.

ಕಾಮಣ್ಣ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡ. ಮೆಲ್ಲಗೆ ನೆಲಕ್ಕೆ ಕುಳಿತ.

ಅನಂತರಾಯರು ಓಡಿ ಬಂದು ನೋಡಿದರು. ಹುಡುಗನ ಹಣೆಯಲ್ಲಿ ತಣ್ಣನೆಯ ಬೆವರು, ತುಟಿ ಬೂದಿ ಬಣ್ಣ. ಅವರು ಜಕ್ಕಪ್ಪನನ್ನು ಬಾಗಿಲ ಹೊರಗೆ ಎಳೆದರು. "ಮಲ್ಲಕಂಬದ ಮ್ಯಾಲಿಂದ ಬಿದ್ದಾನ ಅಂತ ಹೇಳೋಣು. ಹುಡುಗರಿಗೆ ನಾ ಹೇಳತೇನಿ. ನೀವು ಸುಮ್ಮನ ಇರ್ರಿ. ಸಾಲಿ ಹೆಸರು ಹೋಗತದ, ಮಾಸ್ತರ, ನಿಮ್ಮ ಹೆಸರೂ ಹೋಗತದ." ಜಕ್ಕಪ್ಪ ಅವರ ಕೈ ಬಿಡಿಸಿಕೊಂಡು ಒಳಗೆ ಹೋದ. ಹುಡುಗನನ್ನು ಎತ್ತಿಕೊಂಡು ದವಾಖಾನೆಗೆ ಓಡಿದ.

ಡಾಕ್ಟರರು ಆ ದಿನ ಜಮಖಂಡಿಗೆ ಹೋಗಿದ್ದರು. ಕಂಪೌಂಡರ ಒಬ್ಬನೇ ಇದ್ದ. ಹಿಂದೆಯೇ ಬಂದ ಹೆಡ್‌ಮಾಸ್ತರರು ಮಲ್ಲಕಂಬದ ಕತೆ ಹೇಳಿದರು. ಕಾಮಣ್ಣ ಎಡ ಹೆಗಲ ತುದಿ ನೋಯುತ್ತದೆ ಎನ್ನುತ್ತಿದ್ದ. ಪಾಪ, ಕಂಪೌಂಡರ ತನಗೆ ಹೇಳಿದ್ದನ್ನು ನಂಬಿ ಹೆಗಲು ಒತ್ತಿ ನೋಡಿದ, ಕೈ ತಿರುಗಿಸಿದ, ಕಾಲು ಮಡಿಸಿದ. ಹೆಗಲಿಗೆ ಏನೂ ಆಗಿರಲಿಲ್ಲ. ಗುಲ್ಮ ಒಡೆದು ಹೊಟ್ಟೆಯಲ್ಲಿ ರಕ್ತ ತುಂಬಿದರೆ ನೋವು ಎಡ ಹೆಗಲಿಗೆ ಹತ್ತುತ್ತದೆ. ಅದನ್ನು ಓದಿದವನು ಆ ಕೋಣೆಯಲ್ಲಿ ಜಕ್ಕಪ್ಪನೊಬ್ಬನೇ, ಅವನು ಗೋಡೆ ಹಿಡಿದು ನಿಂತಿದ್ದ.

ಅಷ್ಟರಲ್ಲಿ ಶಿದ್ರಾಮಪ್ಪ ಬಂದ. ಮಗ್ಗದ ಕುಣಿಯಿಂದ ಎದ್ದವನು ಹಾಗೇ ಓಡಿ ಬಂದಿದ್ದ, ಕೈಗೆಲ್ಲ ಗಂಜಿ, ತಲೆಯಲ್ಲಿ ನೂಲಿನ ಎಳೆ. "ಎಲುಬು ಮುರದಾವೇನ್ರಿ?" ಇದೇ ಅವನ ಮೊದಲ ಮಾತು.

"ಒಂದೂ ಮುರದಿಲ್ಲ," ಎಂದ ಕಂಪೌಂಡರ.

"ಸಿದ್ಧರಾಮಾ, ಗೆದ್ದೆನಪಾ!" ಶಿದ್ರಾಮಪ್ಪ ಕುಕ್ಕರುಗಾಲಲ್ಲಿ ಕುಳಿತು ತನ್ನ ಮನೆದೇವರಿಗೆ ಎರಡೂ ಕೈ ಹಣೆಗೆ ಹಚ್ಚಿದ. ಆಮೇಲೆ ಮಗನತ್ತ ತಿರುಗಿ ಸಂತೋಷದಲ್ಲೇ ಬೈದ, "ಮಂಗ್ಯಾನಂಗ ಏರಬ್ಯಾಡ ಅಂತ ಎಷ್ಟ ಸಲ ಹೇಳೇನಿ ನಿನಗ?"

ಆ ಸಂತೋಷ ಜಕ್ಕಪ್ಪನಿಗೆ ನೋಡಲಾಗಲಿಲ್ಲ. ಕೈ ಮುರಿದಾಗ ತನ್ನಪ್ಪ ಇಷ್ಟಾದರೂ ಕೇಳಿರಲಿಲ್ಲ.

"ಶಿದ್ರಾಮಪ್ಪಾ, ಬಿದ್ದಿಲ್ಲ. ನಾ ಹೊಡದೇನಿ. ಹೊಟ್ಟಿಗೆ ಗುದ್ದೇನಿ. ಗುಲ್ಮ ಒಡದೈತಿ, ಒಳಗ ರಕ್ತ ಸೋರಾಕತ್ತೈತಿ. ಮಿರಜದ ದೊಡ್ಡ ದವಾಖಾನಿಗೆ ಒಯ್ದು ಹೊಟ್ಟಿ ಕೊಯ್ಸದಿದ್ರ ಹುಡುಗ ಉಳ್ಯಾಂಗಿಲ್ಲ. ಏಳು, ಈಗಿಂದೀಗ ಒಯ್ಬೇಕು."

ಶಿದ್ರಾಮಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಮಗನ ಅಂಗಿ ಎತ್ತಿ ನೋಡಿದ. ಹೊಟ್ಟೆ ಬಿಗಿದು ನಿಂತಿತ್ತು. ಮುಷ್ಟಿಯ ಗುರುತು ಎಡಗಡೆಗೆ ಕೆಂಪಗೆ ಮೂಡಿತ್ತು. ಎದ್ದವನೇ ಜಕ್ಕಪ್ಪನ ಕೊರಳಪಟ್ಟಿ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದ. ಹುಟ್ಟಿದಾಗಿನಿಂದ ಮಗ್ಗ ಹೊಡೆದ ತೋಳು ಅವು. ಮುಖಕ್ಕೆ ಬಿದ್ದ ಮೊದಲ ಏಟಿಗೆ ಮೂಗಿನಿಂದ ರಕ್ತ ಚಿಮ್ಮಿತು. ಎರಡನೆಯದಕ್ಕೆ ಜಕ್ಕಪ್ಪ ನೆಲ ಕಂಡ. ಶಿದ್ರಾಮಪ್ಪ ಒದೆಯುತ್ತಿದ್ದ, ಒದೆಯುತ್ತ ಹೋ ಎಂದು ಅಳುತ್ತಿದ್ದ. ಒಲೆಗೆಂದು ಒಟ್ಟಿದ್ದ ಕಟ್ಟಿಗೆಯಿಂದ ಒಂದು ಜಾಲಿಯ ತುಂಡು ಎಳೆದುಕೊಂಡು ಬೀಸಿದ. ಬಲ ಹೆಗಲ ಮೇಲೆ ಬಿತ್ತು. ಕೊರಳೆಲುಬು ಲಟ್ಟೆಂದದ್ದು ಬಾಗಿಲಲ್ಲಿ ನಿಂತ ಕಂಪೌಂಡರನಿಗೂ ಕೇಳಿಸಿತು.

ಜಕ್ಕಪ್ಪ ಒಂದು ಕೈಯನ್ನೂ ಅಡ್ಡ ತರಲಿಲ್ಲ. ಬಾಯಿ ತುಂಬ ರಕ್ತ ತುಂಬಿಕೊಂಡು ಒದರುತ್ತಿದ್ದ, "ಹೊಡಿ, ಆಮ್ಯಾಲೆ ಹೊಡಿ! ಕೊಲ್ಲು ಬೇಕಾದ್ರ! ಮೊದಲ ಲಾರಿ ಹಿಡಿ, ಕುಡಚ್ಯಾಗ ಮಿರಜದ ರೈಲು ತಪ್ಪತೈತಿ! ನನ್ನ ಹೊಡದಷ್ಟೂ ಅವನ ರಕ್ತ ಹೋಗಾಕತ್ತೈತೋ!"

ಆ ಕೊನೆಯ ಮಾತಿಗೆ ಶಿದ್ರಾಮಪ್ಪನ ಕೈಯಿಂದ ಕಟ್ಟಿಗೆ ಬಿತ್ತು.

ಕುಡಚಿ ಸ್ಟೇಶನ್ನಿಗೆ ಸೀರೆಯ ಗಂಟು ಹೇರಿಕೊಂಡು ಹೊರಟ ಲಾರಿಯೊಂದು ಸಿಕ್ಕಿತು. ಗಂಟುಗಳ ಮೇಲೆ ಹುಡುಗನನ್ನು ಮಲಗಿಸಿದರು. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಮಾಸ್ತರ. ಮಾಸ್ತರ ಲಾರಿ ಏರುವಾಗ ಬೇಡವೆನ್ನುವ ಎಚ್ಚರವೂ ಶಿದ್ರಾಮಪ್ಪನಿಗೆ ಇರಲಿಲ್ಲ. ಜಕ್ಕಪ್ಪನ ಬಲಗೈ ಜೋತುಬಿದ್ದಿತ್ತು. ಸೊಟ್ಟ ಎಡಗೈಯಿಂದ ಹುಡುಗನ ನಾಡಿ ಹಿಡಿದು ಕುಳಿತ. ಅದು ದಾರದ ಹಾಗೆ ಸಣ್ಣಗೆ, ಬಹಳ ಜೋರಾಗಿ ಓಡುತ್ತಿತ್ತು. ರಸ್ತೆಯ ಒಂದೊಂದು ಕುಣಿಗೂ ಕಾಮಣ್ಣ ನರಳುತ್ತಿದ್ದ.

ತೇರದಾಳ ದಾಟಿದ ಮೇಲೆ ಅವನು ನೀರು ಬೇಡಿದ. ಶಿದ್ರಾಮಪ್ಪ ಡ್ರೈವರನಿಂದ ತಂಬಿಗೆ ತೆಗೆದುಕೊಂಡ.

"ಕುಡಸಬ್ಯಾಡ," ಎಂದ ಜಕ್ಕಪ್ಪ. "ಹೊಟ್ಟಿ ಕೊಯ್ಯೂದೈತಿ. ನೀರ ಕುಡಿಸಿದ್ರ ಕೊಯ್ಯೂವಾಗ ಜೀವಕ್ಕ ಅಪಾಯ. ತುಟಿಗಷ್ಟ ಹಚ್ಚು."

ಶಿದ್ರಾಮಪ್ಪ ಟವೆಲ್ಲಿನ ತುದಿ ಒದ್ದೆ ಮಾಡಿ ತುಟಿಗೆ ಹಚ್ಚಿದ. ಹುಡುಗ ಟವೆಲ್ಲನ್ನೇ ಚೀಪಿದ. "ಅಪ್ಪಾ, ಒಂದ ಗುಟುಕ. ಒಂದ ಗುಟುಕೋ ಅಪ್ಪಾ." ಅಪ್ಪ ಮಾಸ್ತರನ ಮುಖ ನೋಡುತ್ತಿದ್ದ, ಮಾಸ್ತರ ತಲೆ ಅಲ್ಲಾಡಿಸುತ್ತಿದ್ದ. ಹಾರೂಗೇರಿ ಬರುವವರೆಗೆ ಹೀಗೇ ನಡೆಯಿತು. ಕಾಮಣ್ಣ ಒಮ್ಮೆ ಕಣ್ಣು ತೆರೆದು ಜಕ್ಕಪ್ಪನನ್ನು ಗುರುತಿಸಿ, "ಎಡಕ್ಕರೀ ಸರ," ಎಂದ. ಗುಲ್ಮ ಎಲ್ಲಿರುತ್ತದೆ ಎಂದು ಕೇಳಿದ್ದರಲ್ಲ, ಅದಕ್ಕೆ ಉತ್ತರ.

ಹಾರೂಗೇರಿ ಹಿಂದೆ ಬಿತ್ತು. ಹೊತ್ತು ಇಳಿಯುತ್ತಿತ್ತು. ಜಕ್ಕಪ್ಪ ಬೆರಳು ಒತ್ತಿ ನಾಡಿ ಹುಡುಕಿದ, ಮಣಿಕಟ್ಟಿನಲ್ಲಿ ಸಿಗಲಿಲ್ಲ. ಕೊರಳಲ್ಲಿ ಹುಡುಕಿದ. ಅಲ್ಲಿ ಒಮ್ಮೆ ಹೊಡೆದು, ನಿಂತು, ಮತ್ತೆ ಹೊಡೆಯುತ್ತಿತ್ತು. ಮಿರಜ ಇನ್ನೂ ಎಷ್ಟೋ ದೂರ. ಅವನು ತಲೆ ಎತ್ತದೆ ಹೇಳಿದ.

"ಶಿದ್ರಾಮಪ್ಪಾ, ನೀರ ಕುಡಸು."

ಶಿದ್ರಾಮಪ್ಪನಿಗೆ ಆ ಮಾತಿನಲ್ಲೇ ಎಲ್ಲ ತಿಳಿಯಿತು. ಅಷ್ಟು ದೂರ ಬೇಡ ಬೇಡ ಎಂದವನು ಈಗ ಕುಡಿಸು ಎಂದ. ಲಾರಿಯ ಕುಲುಕಾಟಕ್ಕೆ ಅರ್ಧ ತಂಬಿಗೆ ಸೀರೆಯ ಗಂಟಿನ ಮೇಲೆ ಚೆಲ್ಲಿತು. ಒಂದು ಗುಟುಕು ಹುಡುಗನ ಗಂಟಲಿಗೆ ಇಳಿಯಿತು, ಎರಡನೆಯದು ಬಾಯಿಯ ಅಂಚಿನಿಂದ ಹೊರಗೆ ಹರಿಯಿತು. ಲಾರಿಯನ್ನು ಅಲ್ಲೇ ನಿಲ್ಲಿಸಿದರು.

ಮರುದಿನ ಮುಂಜಾನೆ ಮನೆಯ ಪಡಸಾಲೆಯಲ್ಲಿ ಕಾಮಣ್ಣನನ್ನು ವಿಭೂತಿ ಹಚ್ಚಿ, ಹೂವು ಏರಿಸಿ ಗೋಡೆಗೆ ಕೂಡಿಸಿದ್ದರು. ತಾಯಿ ಸತ್ಯವ್ವ ಮಗನ ಮೊಣಕಾಲ ಮೇಲೆ ತಲೆ ಇಟ್ಟು ಬಿದ್ದಿದ್ದಳು. ಆಗ ಪೊಲೀಸ್ ಫೌಜದಾರ ಬಂದ. ಸಾವಿನಲ್ಲಿ ಸಂಶಯವಿದ್ದರೆ ಹೆಣವನ್ನು ಜಮಖಂಡಿಗೆ ಒಯ್ದು ಕೊಯ್ದು ನೋಡಬೇಕಾಗುತ್ತದೆ ಎಂದು ಹೇಳಿ, ಏನಾಯಿತೆಂದು ಕೇಳಿದ.

ಹೆಗಲಿಗೆ ಅರಿವೆ ಬಿಗಿದುಕೊಂಡು ಕಟ್ಟೆಯ ಕೆಳಗೆ ನಿಂತಿದ್ದ ಜಕ್ಕಪ್ಪ ಮುಂದೆ ಬಂದ. "ನಾ ಹೊಡದೇನ್ರಿ. ಕೈಗೆ ಬೇಡಿ ಹಾಕ್ರಿ."

ಸತ್ಯವ್ವ ಚೀರಿ ಎದ್ದಳು. ಅವಳ ಕಿವಿಗೆ ಬಿದ್ದದ್ದು ಕೊಯ್ಯುವ ಮಾತೊಂದೇ. "ನನ್ನ ಕೂಸಿನ್ನ ಕೊಯ್ಯಾಕ ಕೊಡಬ್ಯಾಡ್ರೋ! ಕೊಯ್ಯಾಕ ಕೊಡಬ್ಯಾಡ್ರೋ!" ಎಂದು ಗಂಡನ ಕಾಲು ಹಿಡಿದುಕೊಂಡಳು.

ಶಿದ್ರಾಮಪ್ಪ ಮಗನ ಮುಖ ನೋಡಿದ. ಆಮೇಲೆ ಗಟ್ಟಿಯಾಗಿ, ಓಣಿಗೆಲ್ಲ ಕೇಳುವಂತೆ ಹೇಳಿದ, "ಮಾಸ್ತರಗ ದುಃಖದಾಗ ತಲಿ ಓಡವಲ್ತ್ರೀ ಸಾಹೇಬ್ರ. ಹುಡುಗ ಮಲ್ಲಕಂಬದ ಮ್ಯಾಲಿಂದ ಬಿದ್ದ. ಹಿಡ್ಯಾಕ ಹೋಗಿ ಅವರು ಹೆಗಲು ಮುರಕೊಂಡ್ರು."

ಫೌಜದಾರ ಜಕ್ಕಪ್ಪನ ಹೆಗಲು ನೋಡಿದ, ಒಡೆದ ಮುಖ ನೋಡಿದ, ಹೆಡ್‌ಮಾಸ್ತರರನ್ನು ನೋಡಿದ. ಅನಂತರಾಯರು ಹೌದೆಂದರು. ಪಂಚನಾಮೆ ಮುಗಿಯಿತು. ಜಕ್ಕಪ್ಪ ಇನ್ನೊಂದು ಸಲ ಬಾಯಿ ತೆರೆದಾಗ ಶಿದ್ರಾಮಪ್ಪ ಹತ್ತಿರ ಬಂದು ಹಲ್ಲು ಕಚ್ಚಿ ಅಂದ, "ಬಾಯಿ ಮುಚ್ಚು. ಒಳಗಿಂದೊಮ್ಮೆ ಒಡದೀ, ಹೊರಗಿಂದ ಬ್ಯಾರೆ ಸೀಳಸ್ತೀಯೇನು?"

ಅಲ್ಲಿಂದ ಮುಂದೆ ಜಕ್ಕಪ್ಪನಿಗೆ ಆದದ್ದನ್ನು ಶಿಕ್ಷೆ ಎನ್ನಬೇಕೋ ಏನೆನ್ನಬೇಕೋ. ಶಾಲೆಯ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ತರರು ಅವನ ತ್ಯಾಗದ ಮೇಲೆ ಮಾತಾಡಿದರು. ಸಂತೆಯಲ್ಲಿ ಜನ ಎದ್ದು ನಿಂತು 'ಶರಣ್ರೀ' ಎಂದರು. ಹುಡುಗನ ಸಲುವಾಗಿ ಎಲುಬು ಮುರಿದುಕೊಂಡ ಮಾಸ್ತರ! ನಡೆದದ್ದನ್ನು ನೋಡಿದ ವರ್ಗದ ಹುಡುಗರು ಮಾತ್ರ ಅವನು ಒಳಗೆ ಬಂದರೆ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಳ್ಳುತ್ತಿದ್ದರು. ಅವನಿಗೆ ಊಟ ಸೇರಲಿಲ್ಲ. ಮುರಿದ ಕೊರಳೆಲುಬಿನ ತುಂಡುಗಳು ಒಂದರ ಮೇಲೊಂದು ಏರಿ ಕೂಡಿದವು, ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳದಾಯಿತು. ರಾಜೀನಾಮೆ ಕೊಡಲು ಹೋದರೆ ಅನಂತರಾಯರು, "ಈಗ ಬಿಟ್ಟರ ಜನಾ ಏನ ತಿಳಕೋತಾರ?" ಎಂದು ಕಾಗದ ಹರಿದರು.

ಜೂನ್ ಬಂತು. ಶಾಲೆ ತೆರೆದ ದಿನ ಅಪ್ಪಂದಿರು ಕಾಯಿ, ಛಡಿ ಹಿಡಿದು ಸಾಲಾಗಿ ನಿಂತರು. ರಬಕವಿಯವರು, ಬನಹಟ್ಟಿಯವರು, ಸುತ್ತಲಿನ ಹಳ್ಳಿಯವರು. ಹೆಡ್‌ಮಾಸ್ತರರು ಜಕ್ಕಪ್ಪನನ್ನು ಎಂದಿನ ಕುರ್ಚಿಯಲ್ಲಿ ಕೂಡಿಸಿದ್ದರು. ಒಬ್ಬರಾದ ಮೇಲೆ ಒಬ್ಬರು ಬಂದು ಆ ಮಾತು ಹೇಳಿ ಛಡಿ ಇಟ್ಟು ಹೋದರು. ಅವನು ಒಂದನ್ನೂ ಮುಟ್ಟಲಿಲ್ಲ. ಕಾಲ ಬಳಿ ಛಡಿಗಳು ಗುಂಪು ಬಿದ್ದವು.

ಸಾಲಿನಲ್ಲಿ ಶಿದ್ರಾಮಪ್ಪ ಇದ್ದ. ಊರಿಗೆ ಇರುವುದೊಂದೇ ಹೈಸ್ಕೂಲು, ಎಲ್ಲಿಗೆ ಹೋದಾನು? ಕಿರಿಯ ಮಗ ಚನಮಲ್ಲಪ್ಪನ ಕೈ ಹಿಡಿದುಕೊಂಡಿದ್ದ. ಇನ್ನೊಂದು ಕೈ ಖಾಲಿ ಇತ್ತು. ಸರದಿ ಬಂದಾಗ ಮಗನನ್ನು ಕಾಲಿಗೆ ಬೀಳಿಸಲಿಲ್ಲ. ಬಾಯಿ ರೂಢಿಯಂತೆ ತೆರೆಯಿತು.

"ಎಲುಬು..." ಎಂದ. ಅಲ್ಲೇ ನಿಂತ. ಆಮೇಲೆ ಜಕ್ಕಪ್ಪನ ಕಣ್ಣಲ್ಲಿ ಕಣ್ಣಿಟ್ಟು, ಒಂದೊಂದೇ ಮಾತು ಎಣಿಸಿದಂತೆ ಹೇಳಿದ, "ಮಾಸ್ತರ, ಇವನ ಮೈಯಾಗ ನಿಮಗ ಬಿಟ್ಟದ್ದು ಏನೂ ಇಲ್ಲ."

ಹುಡುಗನನ್ನು ವರ್ಗದ ಬಾಗಿಲವರೆಗೆ ತಾನೇ ಬಿಟ್ಟು ಗೇಟಿನ ಕಡೆ ನಡೆದ.

ಹಿಂದೆ ನಿಂತಿದ್ದವನು ರಬಕವಿಯ ವ್ಯಾಪಾರಿ, ಅವನಿಗೆ ಇದೆಲ್ಲ ತಿಳಿಯದು. ಮಗನನ್ನು ಮುಂದೆ ನೂಕಿ ಛಡಿ ಚಾಚಿದ. "ಎಲುಬೊಂದ ಮುರೀಬ್ಯಾಡ್ರಿ ಮಾಸ್ತರ. ಉಳಿದದ್ದೆಲ್ಲಾ..."

"ಉಳಿದದ್ದು ಅಂದ್ರ ಏನ್ರಿ?" ಎಂದ ಜಕ್ಕಪ್ಪ.

ವ್ಯಾಪಾರಿ ನಕ್ಕ. "ಅದೇನ್ ಕೇಳತೀರಿ? ಉಳಿದದ್ದು."

ಜಕ್ಕಪ್ಪ ಎದ್ದು ಆ ಮನುಷ್ಯನ ಕೈ ಹಿಡಿದು, ಅವನ ಮಗನ ಎಡ ಪಕ್ಕೆಲುಬಿನ ಕೆಳಗೆ ಇಟ್ಟ. "ಇಲ್ಲಿ ಏನೈತಿ, ಹೇಳ್ರಿ."

"ಹೊಟ್ಟಿ."

"ಹೊಟ್ಟ್ಯಾಗ?"

"ಮುಂಜಾನೆ ಉಂಡ ರೊಟ್ಟಿ!" ಸಾಲಿನಲ್ಲಿದ್ದ ಅಪ್ಪಂದಿರೆಲ್ಲ ನಕ್ಕರು.

"ಗುಲ್ಮ ಐತಿ," ಎಂದ ಜಕ್ಕಪ್ಪ. ದನಿ ಎತ್ತಿದ, ಡ್ರಿಲ್ಲಿಗೆ ಕೂಗುವ ದನಿ. "ರಕ್ತದ ಚೀಲ ಇದ್ದಂಗ. ಶಿದ್ರಾಮಪ್ಪನ ಮಗಂದು ಇಲ್ಲೇ ಗುದ್ದಿ ಒಡದವ ನಾನು. ಮಲ್ಲಕಂಬ ಅಲ್ಲ, ಈ ಕೈ. ಅವಾ ಮಲ್ಲಕಂಬ ಏರೇ ಇರಲಿಲ್ಲ. ನನ್ನ ಹೆಗಲು ಮುರದಿದ್ದು ಅವನಪ್ಪ. ಎಲ್ಲಾರೂ ಕೇಳ್ರಿ!"

ಅನಂತರಾಯರು "ಮಾಸ್ತರ, ಮಾಸ್ತರ" ಎನ್ನುತ್ತ ಓಡಿ ಬಂದರು. ವ್ಯಾಪಾರಿಯ ಕೈ ಇನ್ನೂ ಮಗನ ಹೊಟ್ಟೆಯ ಮೇಲೇ ಇತ್ತು. ಹುಡುಗ ಉಸಿರಾಡಿದಾಗ ಆ ಕೈ ಸ್ವಲ್ಪ ಮೇಲೆದ್ದು ಕೆಳಗಿಳಿಯಿತು. ಅವನು ಇನ್ನೊಂದು ಕೈಯಲ್ಲಿದ್ದ ಛಡಿಯನ್ನು ಮೆಲ್ಲಗೆ ಬೆನ್ನ ಹಿಂದೆ ತೆಗೆದುಕೊಂಡ.

ಗೇಟಿನ ಹತ್ತಿರ ಶಿದ್ರಾಮಪ್ಪ ನಿಂತಿದ್ದ, ಎಲ್ಲವನ್ನೂ ಕೇಳಿಸಿಕೊಂಡಿದ್ದ. ಬೆನ್ನು ತಿರುಗಿಸಿಯೇ ಇದ್ದ. ಸ್ವಲ್ಪ ಹೊತ್ತಿಗೆ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹಿಂದಕ್ಕೆ ಬಂದ. ಜಕ್ಕಪ್ಪನ ಕಾಲ ಬಳಿ ಬಿದ್ದಿದ್ದ ಛಡಿಗಳನ್ನೆಲ್ಲ ಬಾಚಿ, ಸೌದೆಯ ಹೊರೆ ಕಟ್ಟಿದಂತೆ ಕಟ್ಟಿ, ಹೆಗಲಿಗೇರಿಸಿದ. ಮನೆಗೆ ಒಯ್ದು ಸತ್ಯವ್ವನ ಒಲೆಯ ಮುಂದೆ ಹಾಕಿದ.